ಇಬ್ಬರಿಗೊಂದು ಮೇಜು

ಮುಂಬಾಗಿಲಿನಿಂದ ಬಂದಿದ್ದರೆ ಅಷ್ಟು ಗೊಂದಲವಾಗುತ್ತಿರಲಿಲ್ಲ. ಆದರೆ ಲೆಯಾರ್ಕೊ ಅಭ್ಯಾಸಬಲದಿಂದ ಸೈಕಲ್ಲನ್ನು ಹಿಂದಿನ ಓಣಿಗೆ ತಿರುಗಿಸಿ, ಖಾಲಿ ಬಾಟಲಿಗಳ ಕ್ರೇಟಿಗೆ ಒರಗಿಸಿ, ಅಡುಗೆಮನೆಯ ಬಾಗಿಲು ತಳ್ಳಿಕೊಂಡೇ ಒಳಗೆ ಬಂದಿದ್ದ. ಈರುಳ್ಳಿ ಹೆಚ್ಚುತ್ತಿದ್ದವರು ತಲೆಯೆತ್ತಿ ನಕ್ಕರು. ಆ ಹೋಟೆಲಿನ ಹೆಡ್ ವೇಟರ್ ವಾಲ್ತೆರ್ ಅವನನ್ನು ಕಂಡದ್ದೇ ತಡ, ಶನಿವಾರ ವಕೀಲರ ಸಂಘದವರ ಊಟವಿದೆ, ಕೈ ಸಾಲುತ್ತಿಲ್ಲ, ಒಂದು ಹೊತ್ತಿಗೆ ಬಂದು ನಿಲ್ಲುತ್ತೀಯಾ ಎಂದು ಕೇಳಿದ.

"ಕೆಲಸಕ್ಕಲ್ಲ ಕಣೋ ಬಂದಿದ್ದು," ಎಂದ ಲೆಯಾರ್ಕೊ. "ಶುಕ್ರವಾರ ರಾತ್ರಿ ಒಂದು ಟೇಬಲ್ ಬೇಕಿತ್ತು. ಇಬ್ಬರಿಗೆ."

"ಯಾರಿಗೆ?"

"ನನಗೇ. ನನಗೂ ನನ್ನ ಮಗಳಿಗೂ."

ವಾಲ್ತೆರ್ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಅವನನ್ನೇ ನೋಡಿದ. "ಅಂದ್ರೆ, ನೀನು ಕೂತ್ಕೊಂಡು ಊಟ ಮಾಡ್ತೀಯಾ?" ಎಂದು ಕೇಳಿದ. ತಮಾಷೆಗೆ ಕೇಳಿದ್ದಲ್ಲ, ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಅರ್ಥವಾಗದಿರುವುದಕ್ಕೆ ಕಾರಣವಿತ್ತು. ಫೆರಾರ ಊರಿನಲ್ಲಿ ಲೆಯಾರ್ಕೊನನ್ನು ಕಾಣದವರಿಲ್ಲ, ಆದರೆ ಅವನು ಕೂತದ್ದನ್ನು ಕಂಡವರೂ ಇಲ್ಲ. ನಲವತ್ತೆರಡು ವರ್ಷ ಏಳು ಹೋಟೆಲುಗಳಲ್ಲಿ ಬಡಿಸಿದವನು. ವೇಟರುಗಳ ಊಟ ಸಂಜೆ ಐದೂವರೆಗೆ, ಅಡುಗೆಮನೆಯ ಮೂಲೆಯಲ್ಲಿ, ಬಹಳ ಸಲ ನಿಂತೇ. ಏನು ಮಿಕ್ಕಿದೆಯೋ ಅದು, ಏಳು ನಿಮಿಷದಲ್ಲಿ. ಆಮೇಲೆ ಬಿಳಿ ಕೋಟು ಹಾಕಿಕೊಂಡು ಹೊರಗೆ ಬಂದರೆ ಊರೆಲ್ಲ ಕೂತು ಉಣ್ಣುತ್ತದೆ, ಇವನು ನಿಂತಿರುತ್ತಾನೆ. ಕಳೆದ ಏಪ್ರಿಲ್ಲಿನಲ್ಲಿ ನಿವೃತ್ತನಾದ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ. ಒಲೆಯ ಮೇಲೆ ಕಾಫಿ ಪಾತ್ರೆ ಬಿಟ್ಟರೆ ಬೇರೊಂದು ಪಾತ್ರೆ ಏರಿದ್ದೇ ಇಲ್ಲ. ಇಷ್ಟು ವರ್ಷ ಊಟದ ನಡುವೆಯೇ ಬದುಕಿದವನಿಗೆ ಮೊಟ್ಟೆ ಬೇಯಿಸಲೂ ಬಾರದು ಎಂದರೆ ನಂಬಬೇಕು.

ಮಗಳು ಮಿರ್ತಾಗೆ ಮೂವತ್ತಮೂರು. ಉತ್ತರದ ರೊವೆರೆತೊದಲ್ಲಿ ಔಷಧದಂಗಡಿಯಲ್ಲಿ ಕೆಲಸ. ಅವಳಿಗೆ ಐದು ವರ್ಷವಿದ್ದಾಗ ತಾಯಿ ಒರ್ನೆಲ್ಲಾ ಅವಳನ್ನು ಕರೆದುಕೊಂಡು ಅಲ್ಲಿಗೆ ಹೋದಳು. ಹೋದದ್ದರಲ್ಲಿ ಜಗಳವೇನೂ ಇರಲಿಲ್ಲ. ಕ್ರಿಸ್‌ಮಸ್, ಈಸ್ಟರ್, ಭಾನುವಾರ, ಹೊಸವರ್ಷ, ಊರಿಗೆಲ್ಲ ಯಾವಾಗ ಹಬ್ಬವೋ ಆಗ ಇವನಿಗೆ ದುಡಿತ. ಗಂಡನಿದ್ದೂ ಒಬ್ಬಳೇ ಉಣ್ಣುವುದಕ್ಕಿಂತ ಗಂಡನಿಲ್ಲದೆ ಉಣ್ಣುವುದೇ ಮೇಲು ಅನ್ನಿಸಿತು ಒರ್ನೆಲ್ಲಾಗೆ, ಅಷ್ಟೆ. ಅಲ್ಲಿ ಸಿಲ್ವಾನೊ ಎಂಬ ಸರ್ವೇಯರನನ್ನು ಮದುವೆಯಾದಳು. ಸಂಜೆ ಆರಕ್ಕೆ ಮನೆ ಸೇರುವ ಮನುಷ್ಯ. ಲೆಯಾರ್ಕೊ ವರ್ಷಕ್ಕೊಂದು ವಾರ ಮಗಳನ್ನು ನೋಡುತ್ತಿದ್ದ, ಆಮೇಲೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಫೋನಿನಲ್ಲಿ.

ಈಗ ಅವಳಿಗೆ ಮೇ ತಿಂಗಳಲ್ಲಿ ಮದುವೆ. ಹೋದ ವಾರ ಒರ್ನೆಲ್ಲಾ ಫೋನು ಮಾಡಿ ಅದನ್ನು ಹೇಳಿದಳು. "ಅವಳು ನಿನ್ನ ಹತ್ರ ಒಂದು ಮಾತು ಹೇಳಬೇಕಂತೆ. ಮುಖ ನೋಡೇ ಹೇಳಬೇಕಂತೆ," ಎಂದಳು. "ಏನು ಅಂತ ನನ್ನ ಕೇಳಬೇಡ. ಎಲ್ಲಾದರೂ ಒಳ್ಳೆ ಕಡೆ ಕರ್ಕೊಂಡು ಹೋಗು. ಕೂತ್ಕೊ. ಅಷ್ಟು ಮಾಡು ಸಾಕು."

ಏನು ಮಾತು ಎಂದು ಲೆಯಾರ್ಕೊಗೆ ಯಾರೂ ಹೇಳಬೇಕಾಗಿರಲಿಲ್ಲ. ಇಗರ್ಜಿಯ ಬಾಗಿಲಿನಿಂದ ಪೀಠದವರೆಗೆ ಮದುಮಗಳ ಕೈ ಹಿಡಿದು ನಡೆಸುವವನು ತಂದೆ. ಯಾವ ತಂದೆ ಎಂಬುದೇ ಪ್ರಶ್ನೆ. ಹೆತ್ತವನೋ, ಆರಕ್ಕೆ ಮನೆ ಸೇರಿದವನೋ? ಒಂದು ಗಳಿಗೆ, ಬೇಡವೆನ್ನಲು ಯಾರಾದರೂ ಅಷ್ಟು ದೂರ ಬರುತ್ತಾರೆಯೇ, ಕೇಳಲೆಂದೇ ಬರುತ್ತಿದ್ದಾಳೆ ಅನ್ನಿಸುತ್ತಿತ್ತು. ಮರುಗಳಿಗೆ, ಇನ್ನೂ ತೀರ್ಮಾನ ಮಾಡಿರಲಿಕ್ಕಿಲ್ಲ, ಬಂದು ನೋಡಿ ಮಾಡುತ್ತಾಳೆ ಅನ್ನಿಸುತ್ತಿತ್ತು. ಹಾಗಾದರೆ ಎಲ್ಲವೂ ಈ ಭೇಟಿಯ ಮೇಲೆ ನಿಂತಿದೆ. ಕಪ್ಪು ಸೂಟನ್ನು ಒಗೆಯಲು ಕೊಟ್ಟು ಬಂದ. ಯಾಕೆ ಕೊಟ್ಟೆ ಎಂದು ದಾರಿಯಲ್ಲಿ ನಾಚಿಕೆಯೂ ಆಯಿತು.

ಮಿರ್ತಾ ಆಮೇಲೆ ತಾನೇ ಫೋನು ಮಾಡಿದಳು. ಶುಕ್ರವಾರ ಸಂಜೆ ಬಂದು ಭಾನುವಾರ ಸಂಜೆಯ ರೈಲಿಗೆ ಹೊರಡುತ್ತೇನೆ, ಕೋಟೆಯ ಹತ್ತಿರ ಕೋಣೆ ಮಾಡಿದ್ದೇನೆ, ಶನಿವಾರ ಹಗಲು ಹಳೆಯ ಗೆಳತಿಯೊಬ್ಬಳನ್ನು ನೋಡುವುದಿದೆ ಎಂದಳು. ಅಂದರೆ ಮೂರು ಊಟ. ಶುಕ್ರವಾರ ರಾತ್ರಿ, ಶನಿವಾರ ರಾತ್ರಿ, ಭಾನುವಾರ ಮಧ್ಯಾಹ್ನ. "ಹೋಟೆಲು ನೀನೇ ಆರಿಸು ಅಪ್ಪ. ನಿನಗೆ ಗೊತ್ತಿಲ್ಲದ್ದು ಯಾವುದಿದೆ? ಮಾತಾಡೋಕೆ ಆಗೋ ಕಡೆ ಇರಲಿ."

ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ, ತೊಂದರೆ ಅದೇ ಆಗಿತ್ತು. ಆರ್ಡರು ಬರೆದುಕೊಳ್ಳುವ ಹಳೆಯ ಚೀಟಿ ಪುಸ್ತಕದಲ್ಲಿ ಒಂದರ ಕೆಳಗೊಂದು ಹೆಸರು ಬರೆದ, ಒಂದರ ಕೆಳಗೊಂದು ಹೊಡೆದುಹಾಕಿದ. ಇಗರ್ಜಿಯ ಹಿಂದಿನ ಹೋಟೆಲಿನ ಅಡುಗೆಯವನು ಚಾಕುವನ್ನು ಏಪ್ರನ್ನಿಗೆ ಒರೆಸುತ್ತಾನೆ. ಕಾಲುವೆ ಪಕ್ಕದವನು ಸಾರಿಗೆ ನೀರು ಬೆರೆಸುತ್ತಾನೆ. ಚೌಕದಲ್ಲಿರುವ ದೊಡ್ಡದರಲ್ಲಿ ಹದಿಮೂರನೇ ಮೇಜಿನ ಕಾಲು ಕುಂಟು, ಹದಿನಾಲ್ಕರ ಮೇಲೆ ಬಾಗಿಲು ತೆರೆದಾಗಲೆಲ್ಲ ಗಾಳಿ. ಇಲ್ದೆ ಎಂಬ ಹಳೆಯ ಯಜಮಾನಿಯ ಹೋಟೆಲಂತೂ ಸುತರಾಂ ಬೇಡ, ಅವಳಿಗೂ ಅವನಿಗೂ ಮಾತು ಬಿಟ್ಟು ಹತ್ತೊಂಬತ್ತು ವರ್ಷ. ಮೇಜುಬಟ್ಟೆಯನ್ನು ಹೇಗೆ ಮಡಿಸಬೇಕೆಂಬ ವಿಷಯಕ್ಕೆ ಶುರುವಾದದ್ದು ಕೆಲಸ ಬಿಡುವಲ್ಲಿಗೆ ಮುಟ್ಟಿತ್ತು. ಹೀಗೆ ಒಂದೊಂದರ ಹಿಂಬಾಗಿಲೂ ಅವನಿಗೆ ಗೊತ್ತು. ಮುಂಬಾಗಿಲಿನಿಂದ ಹೋಗಿ ಕೂತವನಿಗೆ ಹೇಗಿರುತ್ತದೆ ಎಂಬುದೊಂದು ಗೊತ್ತಿಲ್ಲ.

ಕೊನೆಗೆ ನೇರಿಯೊನನ್ನು ಕೇಳೋಣವೆಂದು ಬಾರಿಗೆ ಹೋದ. ನೇರಿಯೊ ಹಳೆಯ ಅಡುಗೆಯವನು; ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಅಲ್ಲಿ ಇಸ್ಪೀಟಾಡುತ್ತಾನೆ. ನಮ್ಮೂರಿನಲ್ಲಿ ಊಟದ ಬಗ್ಗೆ ಅಭಿಪ್ರಾಯವಿಲ್ಲದವರು ಬೇಕಾದರೆ ಸ್ಮಶಾನಕ್ಕೇ ಹೋಗಬೇಕು. ನೇರಿಯೊನ ಜೊತೆ ಆಡುತ್ತಿದ್ದ ನಾಲ್ವರು ಎಲೆಗಳನ್ನು ಬೋರಲು ಹಾಕಿ ಐದು ಹೋಟೆಲುಗಳ ಹೆಸರು ಹೇಳಿದರು. ಕುಂಬಳಕಾಯಿ ಹೂರಣದ ಕಡುಬು ಕಪ್ಪೆಲ್ಲಾಚ್ಚಿಗೆ ಮಾಂಸದ ಗೊಜ್ಜು ಹಾಕಬೇಕೆಂದು ಇಬ್ಬರು, ಬೆಣ್ಣೆ ಬಿಟ್ಟು ಬೇರೇನು ಹಾಕಿದರೂ ಪಾಪವೆಂದು ಇನ್ನಿಬ್ಬರು ಸೇರಿ ದನಿ ಏರಿತು. ಯಾರಿಗೆ ಊಟ, ಯಾಕೆ ಊಟ ಎಂಬುದನ್ನು ಎಲ್ಲರೂ ಮರೆತರು. ನೇರಿಯೊ ಮಾತ್ರ ಇವನ ಕಡೆ ತಿರುಗಿದ.

"ಲೋ ಲೆಯಾರ್ಕೊ, ಎಲ್ಲಿ ಊಟ ಚೆನ್ನಾಗಿರತ್ತೆ ಅಂತ ಕೇಳ್ತಿದ್ದೀಯೋ, ಎಲ್ಲಿ ಕೂತರೆ ಮಗಳು ಹೂಂ ಅಂತಾಳೆ ಅಂತ ಕೇಳ್ತಿದ್ದೀಯೋ?" ಎಂದ. "ಮೊದಲನೇದಾದ್ರೆ ನನಗೆ ಗೊತ್ತು."

ಹೀಗಾಗಿ ಬುಧವಾರ ಬೆಳಿಗ್ಗೆ ವಾಲ್ತೆರ್‌ನ ಅಡುಗೆಮನೆಯಲ್ಲಿ ನಿಂತಿದ್ದ. ವಾಲ್ತೆರ್‌ಗೆ ತಟ್ಟೆ ಹಿಡಿಯಲು ಕಲಿಸಿದವನೇ ಲೆಯಾರ್ಕೊ. ತಿಳಿದವನ ಕೈಗೆ ಕೊಟ್ಟರೆ ನಿಶ್ಚಿಂತೆ ಎಂದುಕೊಂಡಿದ್ದ. ಅದೇ ತಪ್ಪಾಯಿತು.

ಶುಕ್ರವಾರ ಎಂಟು ಗಂಟೆಗೆ ಅಪ್ಪ ಮಗಳು ಒಳಗೆ ಕಾಲಿಟ್ಟ ಗಳಿಗೆಯಿಂದ ಅವರನ್ನು ಯಾರೂ ಒಂಟಿಯಾಗಿ ಬಿಡಲಿಲ್ಲ. ಕಿಟಕಿಯ ಪಕ್ಕದ ಮೇಜು, ಹೂವು, ಕೇಳದೆಯೇ ಬಂದ ವೈನು. ಒಂದು ತಟ್ಟೆ ಮುಗಿಯುವಷ್ಟರಲ್ಲಿ ಕೇಳದ ಇನ್ನೊಂದು ತಟ್ಟೆ. ಮಿರ್ತಾ ಕೂದಲನ್ನು ಗಿಡ್ಡ ಮಾಡಿಸಿಕೊಂಡಿದ್ದಳು, ಹಣೆ ತಾಯಿಯದು, ಮಾತಿಗೆ ಮುಂಚೆ ತುಟಿಯನ್ನು ಒಳಕ್ಕೆ ಕಚ್ಚಿಕೊಳ್ಳುವುದು ಇವನದೇ. ಮೂರು ಸಲ ಅವಳು ಹಾಗೆ ತುಟಿ ಕಚ್ಚಿಕೊಂಡಳು. ಮೂರು ಸಲವೂ ಯಾರೋ ಬಂದರು. ಒಮ್ಮೆ ವಾಲ್ತೆರ್ ಬಂದು, ನಿಮ್ಮಪ್ಪ ಒಂದು ಕೈಯಲ್ಲಿ ಐದು ತಟ್ಟೆ ಹಿಡಿದು ಮೆಟ್ಟಿಲು ಹತ್ತಿದ ಕಥೆ ಗೊತ್ತೇ ಎಂದು ನಿಂತ. ಒಮ್ಮೆ ಅಡುಗೆಯವನೇ ಕೈ ಒರೆಸಿಕೊಂಡು ಹೊರಬಂದ. ಕೊನೆಗೆ ಯಾರು ತಪ್ಪು ತಿಳಿದರೋ, ಕೇಕಿನ ಮೇಲೆ ಮೇಣದಬತ್ತಿ ಹಚ್ಚಿ ತಂದಿಟ್ಟು ಇಡೀ ಹೋಟೆಲು ಚಪ್ಪಾಳೆ ತಟ್ಟಿತು. ಅಂದು ಇಬ್ಬರದೂ ಹುಟ್ಟುಹಬ್ಬವಲ್ಲ. ಮಿರ್ತಾ ನಕ್ಕು ದೀಪ ಆರಿಸಿದಳು. ಲೆಯಾರ್ಕೊನ ಬೆನ್ನೆಲ್ಲ ಬೆವತಿತ್ತು, ಬೇರೆಯವರು ತನಗೆ ಬಡಿಸುವುದನ್ನು ನೋಡುತ್ತ ಕೂರುವುದು ಅಷ್ಟು ಕಷ್ಟವೆಂದು ಅವನಿಗೆ ತಿಳಿದಿರಲಿಲ್ಲ.

ತಾನು ಇಳಿದುಕೊಂಡಿದ್ದ ಕೋಣೆಯ ಬಾಗಿಲಲ್ಲಿ ಅವಳು, ಊಟ ಚೆನ್ನಾಗಿತ್ತು ಎಂದಳು. ಆಮೇಲೆ, "ನಾಳೆ ನಿನ್ನ ಗುರುತಿಲ್ಲದ ಕಡೆ ಹೋಗೋಣ್ವಾ ಅಪ್ಪ?" ಎಂದಳು.

ಫೆರಾರದಲ್ಲಿ ಲೆಯಾರ್ಕೊನ ಗುರುತಿಲ್ಲದ ಹೋಟೆಲು! ಶನಿವಾರ ಬೆಳಿಗ್ಗೆಯಿಂದ ಮಂಜಿನಲ್ಲಿ ಸೈಕಲ್ ತುಳಿದು ಹುಡುಕಿದ. ಒಂದರ ಬಾಗಿಲಲ್ಲಿ ಇಣುಕಿದರೆ ಒಳಗಿನಿಂದ ಯಾರೋ ಕೈಯೆತ್ತಿದರು, ಇನ್ನೊಂದರ ಮುಂದೆ ನಿಂತು ಗಾಜಿಗೆ ಅಂಟಿಸಿದ್ದ ಊಟದ ಪಟ್ಟಿ ಓದುತ್ತಿದ್ದಾಗ ಯಜಮಾನನೇ ಹೊರಬಂದು, ನಮ್ಮಲ್ಲಿ ಸೇರಿಕೊಳ್ಳುತ್ತೀಯಾ ಎಂದ. ಮೂರು ಗಂಟೆಗೆ ಊರಗೋಡೆಯ ಹೊರಗೆ, ಆಟದ ಮೈದಾನದ ಪಕ್ಕ, ತೆರೆದು ಎರಡು ತಿಂಗಳಾಗಿದ್ದ ಒಂದು ಸಿಕ್ಕಿತು. ದಕ್ಷಿಣದಿಂದ ಬಂದ ಗಂಡ ಹೆಂಡತಿ. ಗಂಡ ಒಳಗೆ, ಹೆಂಡತಿ ಹೊರಗೆ. ಆಕೆ ಅವನ ಹೆಸರು ಕೇಳಿ ಬರೆದುಕೊಂಡಳು, ಅಕ್ಷರ ಹೇಳಬೇಕಾಯಿತು. ಲೆಯಾರ್ಕೊಗೆ ಆದ ಸಂತೋಷ ಅಷ್ಟಿಷ್ಟಲ್ಲ. ಇಲ್ಲಿಯ ಊಟ ಹೇಗೋ ಏನೋ ಎಂಬ ಅನುಮಾನ ಆಮೇಲೆ ಬಂತು, ಅದನ್ನು ಅಲ್ಲೇ ಬಿಟ್ಟು ಬಂದ.

ರಾತ್ರಿ ಹೋಗುವಷ್ಟರಲ್ಲಿ ಆ ಹೋಟೆಲು ತುಂಬಿ ತುಳುಕುತ್ತಿತ್ತು. ಸೈಕಲ್ ಸಂಘದವರು ಇಪ್ಪತ್ತು ಜನ ಹೇಳದೆ ಕೇಳದೆ ಬಂದು ಕೂತಿದ್ದರು. ಹನ್ನೊಂದು ಮೇಜಿಗೆ ಆಕೆಯೊಬ್ಬಳೇ. ತಟ್ಟೆಗಳನ್ನು ಎದೆಗೆ ಒತ್ತಿ ಹಿಡಿದು ನಡೆಯುತ್ತಿದ್ದಳು, ಒಳಗೆ ಹೋಗುವಾಗ ಬರಿಗೈಯಲ್ಲಿ ಹೋಗುತ್ತಿದ್ದಳು, ಯಾರು ಮೊದಲು ಬಂದರು ಎಂಬ ಲೆಕ್ಕ ತಪ್ಪಿಹೋಗಿತ್ತು. ಲೆಯಾರ್ಕೊ ಅತ್ತ ನೋಡಬಾರದೆಂದು ಮಗಳ ಮುಖವನ್ನೇ ನೋಡುತ್ತಿದ್ದ. ಅವಳು ಮದುವೆಯಾಗುವ ಹುಡುಗನ ಬಗ್ಗೆ ಹೇಳಿದಳು. ಶಾಲೆಯಲ್ಲಿ ಸಂಗೀತ ಕಲಿಸುತ್ತಾನಂತೆ, ತಾಯಿಯಿಲ್ಲ, ಊಟಕ್ಕೆ ಕೂತರೆ ಒಂದೂವರೆ ಗಂಟೆ. ಇದನ್ನು ಹೇಳುವಾಗ ಅವಳ ಮುಖ ಸಡಿಲವಾಯಿತು. ಈಗ ಬಂತು ಎಂದುಕೊಂಡ ಲೆಯಾರ್ಕೊ.

"ಮೇ ಹದಿನಾರಕ್ಕೆ ಅಂತ ಆಗಿದೆ," ಎಂದು ಮಿರ್ತಾ ತುಟಿ ಕಚ್ಚಿಕೊಂಡಳು. "ಅವತ್ತು ಇಗರ್ಜಿಲಿ ನನ್ನ ಜೊತೆ ಯಾರು ನಡೀಬೇಕು ಅನ್ನೋದನ್ನ ನಾನು ಬಹಳ ದಿನ ಯೋಚನೆ ಮಾಡಿದೆ ಅಪ್ಪ."

ಅವಳ ಹಿಂದಿನ ಮೇಜಿನಲ್ಲಿ ಒಬ್ಬ ಕೈಯೆತ್ತಿದ.

ಎದ್ದದ್ದು ಲೆಯಾರ್ಕೊಗೆ ತಿಳಿಯಲೇ ಇಲ್ಲ. ಆ ಮನುಷ್ಯನ ಪಕ್ಕ ಹೋಗಿ ಅರ್ಧ ಬಾಗಿ, ಏನು ಬೇಕೆಂದು ಕೇಳಿದ್ದ. ಫೋರ್ಕ್ ಬಿದ್ದುಹೋಗಿತ್ತು. ಫೋರ್ಕ್ ತಂದುಕೊಟ್ಟ. ಬರುವಾಗ ಪಕ್ಕದ ಮೇಜಿನಲ್ಲಿ ಬ್ರೆಡ್ಡು ಮುಗಿದದ್ದು ಕಂಡಿತು. ಬ್ರೆಡ್ಡಿಗೆ ಒಳಗೆ ಹೋದಾಗ ಕಟ್ಟೆಯ ಮೇಲೆ ಮೂರು ತಟ್ಟೆ ಆರುತ್ತಿದ್ದವು. ಬಿಸಿ ಆರುವುದನ್ನು ನೋಡಿಯೂ ಬಿಟ್ಟು ಬರುವುದು ಹೇಗೆ? ಆ ಹೆಂಗಸು ಕಣ್ಣಲ್ಲಿ ನೀರು ತಂದುಕೊಂಡು, ಏಳಕ್ಕೆ ಅಣ್ಣ, ಏಳನೇ ಟೇಬಲ್ಲಿಗೆ ಎಂದಳು. ಸೈಕಲ್ ಸಂಘದವರಿಗೆ ಹಬೆಯಾಡುವುದನ್ನು ಹಬೆಯಾಡುವಾಗಲೇ ಕೊಟ್ಟ, ಎರಡು ಮೇಜು ತೆರವು ಮಾಡಿದ. ಕೂಗಾಟ ತಗ್ಗಿತು. ಕೋಣೆ ಹತೋಟಿಗೆ ಬಂತು. ಎದೆಯಲ್ಲಿ ಏನೋ ಹಗುರವಾಯಿತು. ನಿನ್ನೆಯಿಂದ ಇದ್ದ ಗೊಂದಲವೆಲ್ಲ ಇಳಿದು ಕೈಕಾಲಿಗೆ ತಮ್ಮ ತಮ್ಮ ಕೆಲಸ ಗೊತ್ತಾಯಿತು.

ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ಸುತ್ತ ಒಮ್ಮೆ ಕಣ್ಣಾಡಿಸಿದ. ಗೋಡೆಯ ಪಕ್ಕ ಒಂಟಿ ಹೆಂಗಸು, ತಟ್ಟೆ ಮುಟ್ಟಿಲ್ಲ, ಎದುರಿನ ಕುರ್ಚಿ ಖಾಲಿ. ಏನೋ ಸರಿಬಂದಿಲ್ಲ. ನೇರ ಅಲ್ಲಿಗೆ ಹೋಗಿ ಅದೇ ನಲವತ್ತೆರಡು ವರ್ಷದ ದನಿಯಲ್ಲಿ ಕೇಳಿದ: "ಎಲ್ಲ ಸರಿಯಾಗಿದೆಯೇ ಮೇಡಂ?"

ಮಿರ್ತಾ ತಲೆಯೆತ್ತಿ ನೋಡಿದಳು.

"ಸರಿಯಾಗಿದೆ," ಎಂದಳು.

ಲೆಯಾರ್ಕೊ ಹೆಗಲ ಮೇಲಿನ ಬಟ್ಟೆ ತೆಗೆದ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ಕೂತ. ಎಷ್ಟು ಹೊತ್ತಾಯಿತು ಎಂದು ಕೇಳಲು ಧೈರ್ಯವಾಗಲಿಲ್ಲ. ಆ ಹೆಂಗಸಿಗೆ ಒಬ್ಬಳಿಗೇ ಆಗುತ್ತಿರಲಿಲ್ಲ ಎಂದು ಹೇಳಹೊರಟು, ಆ ಮಾತು ತನಗೇ ಕೆಟ್ಟದಾಗಿ ಕೇಳಿಸಿ ನಿಲ್ಲಿಸಿದ. ಮಿರ್ತಾಗೆ ಸಿಟ್ಟು ಬಂದಂತೆ ಕಾಣಲಿಲ್ಲ, ಬಂದಿದ್ದರೆ ಒಳ್ಳೆಯದಿತ್ತು.

"ನನ್ನ ಮೊದಲ ಪರಮಪ್ರಸಾದದ ಊಟ ನೆನಪಿದೆಯಾ ನಿನಗೆ?" ಎಂದು ಕೇಳಿದಳು.

ನೆನಪಿಲ್ಲದೆ ಏನು? ಅವನ ಬದುಕಿನಲ್ಲಿ ಹೆಮ್ಮೆಯ ದಿನವೆಂದಿದ್ದರೆ ಅದೊಂದೇ. ಇಗರ್ಜಿಯಲ್ಲಿ ಮಕ್ಕಳಿಗೆ ಮೊದಲ ಸಲ ಪ್ರಸಾದ ಕೊಡುವ ದಿನ, ಅವಳಿಗಾಗ ಎಂಟು ವರ್ಷ. ಒರ್ನೆಲ್ಲಾ ದೊಡ್ಡ ಮನಸ್ಸು ಮಾಡಿ ಊಟವನ್ನು ಫೆರಾರದಲ್ಲೇ, ಇವನು ಕೆಲಸ ಮಾಡುತ್ತಿದ್ದ ಹೋಟೆಲಿನಲ್ಲೇ ಇಟ್ಟುಕೊಂಡಿದ್ದಳು. ಆ ಮೇಜಿನ ಹತ್ತಿರ ಬೇರೆ ಯಾವ ವೇಟರನ್ನೂ ಸುಳಿಯಲು ಬಿಡದೆ ಇಪ್ಪತ್ತೆರಡು ಜನಕ್ಕೆ ತಾನೊಬ್ಬನೇ ಬಡಿಸಿದ್ದ. ಮಗಳ ತಟ್ಟೆಯ ಮಾಂಸವನ್ನು ತಾನೇ ಸಣ್ಣಗೆ ಕತ್ತರಿಸಿ ಕೊಟ್ಟಿದ್ದ. ಬಿಳಿ ಉಡುಪಿಗೆ ಒಂದು ಹನಿ ಕಲೆಯಾಗಲು ಬಿಟ್ಟಿರಲಿಲ್ಲ. ಇದನ್ನೆಲ್ಲ ಅವಳಿಗೆ ಹೇಳಿದ. ಹೇಳುತ್ತ ಹೇಳುತ್ತ ದನಿಯಲ್ಲಿ ಜೀವ ಬಂತು.

"ನನ್ನ ಪಕ್ಕದ ಕುರ್ಚಿ ನಿನಗೆ ಅಂತ ಇಟ್ಟಿದ್ದೆ," ಎಂದಳು ಮಿರ್ತಾ. "ನೀನು ಬರ್ತಿದ್ದೆ, ನೀರು ಹಾಕ್ತಿದ್ದೆ, ಹೋಗ್ತಿದ್ದೆ. ಈಗ ಕೂತ್ಕೋತಾನೆ, ಈಗ ಕೂತ್ಕೋತಾನೆ ಅಂತ ನೋಡ್ತಾನೇ ಇದ್ದೆ. ಕೊನೆಗೆ ಯಾರೋ ಆ ಕುರ್ಚಿ ಮೇಲೆ ತಮ್ಮ ಕೋಟು ಹಾಕಿದ್ರು."

"ಆದ್ರೆ ನಾನು ಅಲ್ಲೇ ಇದ್ದೆನಲ್ಲ ಮಗಳೇ," ಎಂದ ಲೆಯಾರ್ಕೊ. ಅವನಿಗೆ ನಿಜಕ್ಕೂ ದಿಕ್ಕು ತೋಚಲಿಲ್ಲ. "ಪೂರ್ತಿ ಹೊತ್ತು ಅಲ್ಲೇ ಇದ್ದೆ."

"ಇದ್ದೆ," ಎಂದು ಅವಳು ಒಪ್ಪಿಕೊಂಡಳು.

ಹೊರಡುವಾಗ ಹೋಟೆಲಿನ ಹೆಂಗಸು ಬಾಗಿಲವರೆಗೆ ಬಂದು ಅವನ ಎರಡೂ ಕೈ ಹಿಡಿದುಕೊಂಡಳು, ಮುಂದಿನ ಶನಿವಾರ ಬರುತ್ತೀರಾ ಅಣ್ಣ ಎಂದು ಕೇಳಿದಳು. ಮಿರ್ತಾ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬೇರೆ ಕಡೆ ನೋಡಿದಳು. ಮೇ ಹದಿನಾರರ ಮಾತು ಆಮೇಲೆ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಲೆಯಾರ್ಕೊ ಚೀಟಿ ಪುಸ್ತಕ ಜೇಬಿನಲ್ಲಿಟ್ಟುಕೊಂಡು ಅವಳ ಕೋಣೆಯ ಕೆಳಗೆ ನಿಂತಿದ್ದ. ಮೂರನೆಯ ಊಟಕ್ಕೆ ಒಂದು ಕಡೆ ಹೇಳಿಟ್ಟಿದ್ದನ್ನು ಬೆಳಿಗ್ಗೆ ಎಂಟಕ್ಕೆ ಬೇಡವೆಂದಿದ್ದ, ಒಂಬತ್ತಕ್ಕೆ ಇನ್ನೊಂದು ಕಡೆ ಹೇಳಿ, ಹತ್ತಕ್ಕೆ ಅದನ್ನೂ ಬೇಡವೆಂದಿದ್ದ. ಗುರುತಿರುವ ಕಡೆ ಹೋದರೆ ಮಾತಾಡಲು ಬಿಡುವುದಿಲ್ಲ. ಗುರುತಿಲ್ಲದ ಕಡೆ ಹೋದರೆ ತಾನೇ ಮಾತಾಡಲು ಬಿಡುವುದಿಲ್ಲ. ಇನ್ನು ಉಳಿದದ್ದು ಯಾವುದು? ಕಳೆದುಕೊಂಡೆ ಎಂಬುದು ಮಾತ್ರ ಅವನಿಗೆ ಸ್ಪಷ್ಟವಾಗಿತ್ತು. ಏನನ್ನು, ಯಾವ ಊಟದಲ್ಲಿ, ಎಷ್ಟನೇ ವರ್ಷದಲ್ಲಿ ಎಂಬುದೇ ಕಲಸುಮೇಲೋಗರವಾಗಿತ್ತು.

ಮಿರ್ತಾ ಇಳಿದು ಬಂದು, ಪುಸ್ತಕ ತೆಗೆಯುತ್ತಿದ್ದ ಅವನ ಕೈ ನೋಡಿ, "ಇವತ್ತು ನಾನು ಆರಿಸ್ತೀನಿ," ಎಂದಳು.

ಅವಳಿಗೆ ಊರಿನ ಹೋಟೆಲು ಒಂದೂ ಗೊತ್ತಿರಲಿಲ್ಲ. ಸುಮ್ಮನೆ ನಡೆದಳು. ಇವನು ಸೈಕಲ್ ತಳ್ಳಿಕೊಂಡು ಪಕ್ಕದಲ್ಲಿ ನಡೆದ. ಮಂಜು ಇನ್ನೂ ಕರಗಿರಲಿಲ್ಲ. ಕಲ್ಲುಹಾಸಿನ ಸಣ್ಣ ಬೀದಿಯೊಂದರಲ್ಲಿ ಹಬೆಹಿಡಿದ ಗಾಜಿನ ಬಾಗಿಲು ಅರ್ಧ ತೆರೆದಿತ್ತು, ಮಾಂಸದ ಸಾರು ಕುದಿಯುವ ವಾಸನೆ ಬೀದಿಗೆಲ್ಲ ಬರುತ್ತಿತ್ತು. ಮಿರ್ತಾ ನಿಂತಳು. ಅದು ಇಲ್ದೆಯ ಹೋಟೆಲು.

"ಇಲ್ಲಿ ಬೇಡ," ಎಂದ.

"ಯಾಕೆ, ಚೆನ್ನಾಗಿರಲ್ವಾ?"

"ಗೊತ್ತಿಲ್ಲ. ಕೂತು ತಿಂದಿಲ್ಲ."

"ಮತ್ತೆ?" ಎಂದು ಅವಳು ಒಳಗೆ ಹೋಗಿಯೇಬಿಟ್ಟಳು.

ಇಲ್ದೆಗೆ ಈಗ ಎಪ್ಪತ್ತು ದಾಟಿತ್ತು. ಗಲ್ಲಾದ ಹಿಂದೆ ಕೂತವಳು ಕನ್ನಡಕದ ಮೇಲಿನಿಂದ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಹತ್ತೊಂಬತ್ತು ವರ್ಷದ ಮೇಲೆ ಅವಳು ಆಡಿದ ಮೊದಲ ಮಾತು, "ಕೆಲಸಕ್ಕೆ ಬಂದ್ಯೋ, ಊಟಕ್ಕೆ ಬಂದ್ಯೋ?"

"ಊಟಕ್ಕೆ."

"ಹಾಗಾದ್ರೆ ಕೂತ್ಕೊ. ಎದ್ದು ಓಡಾಡಿದ್ರೆ ಆಚೆ ಹಾಕ್ತೀನಿ."

ಮಿರ್ತಾ ಮೂಲೆಯ ಮೇಜಿಗೆ ಹೋಗಿ ಗೋಡೆಗೆ ಬೆನ್ನು ಹಾಕಿ ಕೂತಳು. ಲೆಯಾರ್ಕೊಗೆ ಉಳಿದದ್ದು ಎದುರಿನ ಕುರ್ಚಿ. ಅಲ್ಲಿಂದ ಅವನಿಗೆ ಕಾಣುತ್ತಿದ್ದದ್ದು ಮಗಳು, ಅವಳ ಹಿಂದೆ ಸುಣ್ಣದ ಗೋಡೆ, ಗೋಡೆಯ ಮೇಲೆ ಮಳೆಯೋ ಬಿಸಿಲೋ ಎಂದು ಹೇಳುವ ಒಂದು ಹಳೆಯ ಮುಳ್ಳಿನ ಯಂತ್ರ. ಕೋಣೆಯಿಡೀ ಬೆನ್ನ ಹಿಂದೆ. ಬಾಗಿಲು ತೆರೆದದ್ದು, ಕುರ್ಚಿ ಎಳೆದದ್ದು, ಯಾರೋ ಮಗುವಿಗೆ ಗದರಿದ್ದು ಎಲ್ಲವೂ ಕಿವಿಗೆ ಬೀಳುತ್ತಿತ್ತು, ಯಾವುದೂ ಕಾಣುತ್ತಿರಲಿಲ್ಲ. ಹೊರಗೆ ಓಣಿಯಲ್ಲಿ ನಿಂತಂತಾಯಿತು ಅವನಿಗೆ.

ಇಲ್ದೆಯ ಸೊಸೆ ಕಪ್ಪೆಲ್ಲಾಚ್ಚಿ ತಂದಿಟ್ಟು ಹೋದಳು. ಮಿರ್ತಾ ಫೋರ್ಕ್ ಮುಟ್ಟಲಿಲ್ಲ.

"ಸಿಲ್ವಾನೊ ನನ್ನ ಜೊತೆ ನಡೀತಾನೆ," ಎಂದಳು. "ಅದನ್ನ ಹೇಳೋಕೆ ಬಂದಿದ್ದು. ಫೋನಲ್ಲಿ ಹೇಳೋದು ಬೇಡ ಅನ್ನಿಸ್ತು. ಶುಕ್ರವಾರನೇ ಹೇಳಬೇಕು ಅಂತಿದ್ದೆ, ಅವರು ಕೇಕ್ ತಂದ್ರು."

ಹಾಗಾದರೆ ಮೊದಲೇ ತೀರ್ಮಾನವಾಗಿತ್ತು. ಯಾವ ಹೋಟೆಲಿಗೆ ಕರೆದುಕೊಂಡು ಹೋಗಿದ್ದರೂ ಅಷ್ಟೇ ಇತ್ತು. ಬುಧವಾರದಿಂದ ಊರೆಲ್ಲ ಸೈಕಲ್ ತುಳಿದದ್ದು, ಒಗೆಯಲು ಕೊಟ್ಟ ಸೂಟು, ನೇರಿಯೊನ ಮುಖ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದು ಲೆಯಾರ್ಕೊಗೆ ಬಹಳ ದುಃಖವಾಯಿತು. ದುಃಖದ ಕೆಳಗೆ, ಸುಸ್ತಾದವನಿಗೆ ಆಗುವಂಥ ಒಂದು ಬಿಡುಗಡೆಯೂ ಇತ್ತು. ಇನ್ನು ಆರಿಸುವುದೇನೂ ಉಳಿದಿರಲಿಲ್ಲ.

"ಸರಿ," ಎಂದ. "ಅವನು ಆರಕ್ಕೆಲ್ಲ ಮನೇಲಿರ್ತಿದ್ದ. ಅದು ನ್ಯಾಯನೇ."

ಮಿರ್ತಾಳ ಕಣ್ಣು ತುಂಬಿದವು. ಅವಳು ಈ ಉತ್ತರಕ್ಕೆ ಸಿದ್ಧಳಾಗಿ ಬಂದಿರಲಿಲ್ಲವೆಂದು ಕಾಣುತ್ತದೆ. ಕರವಸ್ತ್ರ ಹುಡುಕಿದಳು, ಸಿಗಲಿಲ್ಲ, ಮೇಜಿನ ಮೇಲಿನ ಬಟ್ಟೆಯಲ್ಲೇ ಒರೆಸಿಕೊಂಡಳು. "ಇನ್ನೊಂದಿದೆ," ಎಂದಳು. "ಇದನ್ನ ಮೊದಲು ಕೇಳ್ಬೇಕು ಅಂತಿರಲಿಲ್ಲ, ನಿನ್ನೆ ರಾತ್ರಿ ಅನ್ನಿಸ್ತು. ಮದುವೆ ಊಟಕ್ಕೆ ನೀನು ನನ್ನ ಪಕ್ಕ ಕೂರಬೇಕು. ಶುರುವಿಂದ ಕೊನೇವರೆಗೆ. ಯಾರು ಕರೆದ್ರೂ, ಏನು ಬಿದ್ರೂ ಏಳಬಾರದು. ಆಗತ್ತಾ ನಿನ್ನ ಕೈಲಿ?"

ಬೇರೆ ಯಾವ ತಂದೆಯಾದರೂ ಅಲ್ಲೇ ಹೂಂ ಅಂದುಬಿಡುತ್ತಿದ್ದ. ಲೆಯಾರ್ಕೊ ಯೋಚಿಸಿದ. ಅವನಿಗೆ ಇದು ಇಗರ್ಜಿಯ ನಡಿಗೆಗಿಂತ ಎಷ್ಟೋ ದೊಡ್ಡದಾಗಿ ಕಂಡಿತು; ನಡೆಯುವುದಾಗಿದ್ದರೆ ಕಾಲಿಗೆ ಅಭ್ಯಾಸವಿತ್ತು.

"ಎಷ್ಟು ಹೊತ್ತಾಗತ್ತೆ?" ಎಂದು ಕೇಳಿದ.

"ಅಲ್ಲಿಯವರ ಮದುವೆ ಅಪ್ಪ. ಐದು ಗಂಟೆ ಆಗಬಹುದು."

"ಐದು ಗಂಟೆ," ಎಂದು ಅವನು ಮೆಲ್ಲಗೆ ಹೇಳಿಕೊಂಡ. "ಗೊತ್ತಿಲ್ಲ ಮಿರ್ತಾ. ಸುಳ್ಳು ಹೇಳಲ್ಲ. ಪ್ರಯತ್ನ ಪಡ್ತೀನಿ."

"ತಿನ್ನು, ಆರಿಹೋಗತ್ತೆ," ಎಂದಳು ಅವಳು.

ತಿಂದ. ಬಿಸಿಯಿತ್ತು. ಕುಂಬಳಕಾಯಿ ಇಷ್ಟು ಸಿಹಿಯಾಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ನಾಲಿಗೆಯ ಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ನುಂಗದೆ ಇದ್ದ. ಅಷ್ಟರಲ್ಲಿ ಬೆನ್ನ ಹಿಂದೆ ಗಾಜಿನ ಲೋಟವೊಂದು ಬಿದ್ದು ಚೂರಾಯಿತು. ಯಾರೋ ಅಯ್ಯೋ ಎಂದರು, ಯಾರೋ ನೋಡ್ರೀ ಇಲ್ಲಿ ಎಂದು ಕರೆದರು, ಕರೆಯುತ್ತಲೇ ಇದ್ದರು. ಇಲ್ದೆಯ ಸೊಸೆ ಒಳಗಿದ್ದಳು. ಲೆಯಾರ್ಕೊನ ಎರಡೂ ಹಿಮ್ಮಡಿ ನೆಲ ಬಿಟ್ಟು ಎದ್ದವು. ಮೇಜಿನ ಅಂಚು ಹಿಡಿದುಕೊಂಡ, ಬೆರಳಿನ ಗಂಟುಗಳು ಬಿಳಿಚಿದವು. ಮಿರ್ತಾ ಅವನ ಭುಜದ ಮೇಲಿನಿಂದ ಕೋಣೆಯನ್ನು ನೋಡಲಿಲ್ಲ, ಅವನನ್ನೇ ನೋಡುತ್ತಿದ್ದಳು. ಅವನು ಮುಳ್ಳಿನ ಯಂತ್ರವನ್ನು ನೋಡಿದ. ಮುಳ್ಳು ಮಳೆಗೂ ಬಿಸಿಲಿಗೂ ನಡುವೆ ನಿಂತಿತ್ತು. ಕೊನೆಗೆ ಪೊರಕೆಯ ಸದ್ದು ಕೇಳಿಸಿತು, ಗಾಜು ಮೊರದೊಳಗೆ ಬಿದ್ದದ್ದು ಕೇಳಿಸಿತು. ಹಿಮ್ಮಡಿ ಕೆಳಗಿಳಿದವು.

ಆಮೇಲೆ ಇಬ್ಬರೂ ಊಟ ಮಾಡಿದರು. ಅವಳು ಹುಡುಗನ ಹೆಸರಿನಿಂದ ಹಿಡಿದು ಅವನ ತಂಗಿಯ ನಾಯಿಯವರೆಗೆ ಎಲ್ಲವನ್ನೂ ಹೇಳಿದಳು. ಇವನು ನಡುನಡುವೆ ಏನೋ ಕೇಳಿದ, ಒಂದೆರಡು ಸಲ ಇಬ್ಬರೂ ನಕ್ಕರು. ತಟ್ಟೆ ಖಾಲಿಯಾಯಿತು. ಅವನ ಕೈ ತಾನಾಗಿ ಅವಳ ತಟ್ಟೆಯನ್ನು ತನ್ನದರ ಮೇಲಿಡಲು ಹೋಗಿ, ಅರ್ಧದಲ್ಲಿ ಎಚ್ಚರಗೊಂಡು, ಮಡಿಲಿಗೆ ಹಿಂತಿರುಗಿತು.

ಇಲ್ದೆಯ ಸೊಸೆ ಬಂದು ಅವನ ಪಕ್ಕ ನಿಂತಳು, ತಟ್ಟೆಗೆ ಕೈ ಚಾಚಿದಳು. ತಟ್ಟೆ ತೆಗೆಯುವವರಿಗೆ ಕೂತವರು ಜಾಗ ಬಿಡಬೇಕು. ಎಡಕ್ಕೆ ಸರಿಯಬೇಕೋ ಬಲಕ್ಕೋ, ಎಷ್ಟು ಸರಿದರೆ ಸಾಕೋ ಲೆಯಾರ್ಕೊಗೆ ತಿಳಿಯಲಿಲ್ಲ. ಬೇಕಾದದ್ದಕ್ಕಿಂತ ಬಹಳ ಹೆಚ್ಚಾಗಿ ಮುಂದಕ್ಕೆ, ಮಗಳ ಕಡೆಗೆ ಬಾಗಿದ. ತಟ್ಟೆ ಹೋದ ಮೇಲೂ ಹಾಗೇ ಇದ್ದ.